ಅದ್ಭುತರಸವೂ ಅಪರಿಚಿತ ಅತಿಥಿಯೂ

ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವವೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಆ ರಸವು ದಿವ್ಯವೆಂದೂ ಆನಂದಜವೆಂದೂ ಎರಡು ಬಗೆಯಾದುದು. ದಿವ್ಯವಾದುದರ ದರ್ಶನದಿಂದ ಹುಟ್ಟುವುದು ಮೊದಲನೆಯದು, ಹರ್ಷದಿಂದ ಹುಟ್ಟುವುದು ಎರಡನೆಯದು. ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ನಾರಾಯಣನೆಂಬ ಪಂಡಿತನ ಮತವೊಂದು ಉಲ್ಲೇಖಗೊಂಡಿದೆ. ರಸಗಳಿಗೆಲ್ಲ ಸಾರವಾದುದು ಚಮತ್ಕಾರ. ಆದಕಾರಣ ಎಲ್ಲ ರಸವೂ ಕಟ್ಟಕಡೆಗೆ ಅದ್ಭುತವೇ ಎಂಬುದು ಆತನ ಅಭಿಪ್ರಾಯ. ಈ ಮತವನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಲೇಬೇಕು: ಬೆರಗಾಗುವ ಶಕ್ತಿಯನ್ನು ಕಳೆದುಕೊಂಡ ಮನಸ್ಸಿಗೆ ಕಾವ್ಯವೂ ದಕ್ಕದು, ಶಾಸ್ತ್ರವೂ ದಕ್ಕದು.

ಈ ರಸವು ಇಂದಿನ ಕಾಲದಲ್ಲಿ ಎಲ್ಲಿ ನೆಲೆಗೊಂಡಿದೆಯೆಂದು ಹುಡುಕುವವರು ವಿಜ್ಞಾನಕಥೆಗಳೆಂಬ ವಾಙ್ಮಯವನ್ನು ಕಡೆಗಣಿಸುವಂತಿಲ್ಲ. ಅವುಗಳಲ್ಲಿ ಒಂದು ಜಾತಿಯ ಕಥೆಗಳಿಗೆ ವಿಶೇಷವಾದ ಆಕರ್ಷಣೆಯುಂಟು. ಭೂಲೋಕದ ಮನುಷ್ಯರಿಗೂ ಬೇರೊಂದು ನಕ್ಷತ್ರದ ಕಡೆಯಿಂದ ಬಂದ ಬುದ್ಧಿಯುಳ್ಳ ಜೀವಿಗಳಿಗೂ ಒದಗುವ ಪ್ರಥಮ ಸಮಾಗಮವೇ ಇವುಗಳ ವಸ್ತು. ಅವುಗಳಲ್ಲಿಯೂ ಪ್ರಕೃತಿನಿಯಮಗಳನ್ನು ಮೀರದೆ, ವಿಜ್ಞಾನವು ಒಪ್ಪುವ ಮೇರೆಯೊಳಗೇ ನಿಂತು, ವಾಚಕನನ್ನು ಬೆರಗುಗೊಳಿಸುವ ಗ್ರಂಥಗಳು ಕೆಲವೇ ಇವೆ. ಆದರೆ ಒಮ್ಮೆ ಅವುಗಳ ರುಚಿಯನ್ನು ಕಂಡವರು ಮತ್ತೆ ಅಂಥವನ್ನೇ ಹುಡುಕುತ್ತಾರೆ. ಇದಕ್ಕೆ ಕಾರಣವೇನು? ಈ ರುಚಿಯು ಬರಿಯ ವಿನೋದವೋ, ಅಥವಾ ಮನಸ್ಸಿನ ಸಂಸ್ಕಾರಕ್ಕೂ ಇದರಿಂದ ಪ್ರಯೋಜನವುಂಟೋ? ಪ್ರಕೃತ ವಿಚಾರಿಸತಕ್ಕದ್ದು ಇದು.

ಪೂರ್ವಪಕ್ಷದವರು ಮೂರು ಆಕ್ಷೇಪಗಳನ್ನು ತರುವರು. ಇಲ್ಲದ ಜೀವಿಗಳ ಕಥೆಯನ್ನು ಓದುವುದರಿಂದ ಆಗುವ ಲಾಭವೇನು ಎಂಬುದು ಒಂದು. ಪುರಾಣಗಳಲ್ಲಿ ಇದಕ್ಕಿಂತ ನೂರ್ಮಡಿ ಅದ್ಭುತಗಳಿರುವಾಗ ಈ ಕಟ್ಟುಪಾಡಿನ ಅದ್ಭುತವೇಕೆ ಎಂಬುದು ಎರಡು. ವಿಜ್ಞಾನವು ಎಲ್ಲಿ ಕಾಲಿಟ್ಟರೂ ಅಲ್ಲಿ ವಿಸ್ಮಯವು ಸಾಯುತ್ತದೆ, ಆದಕಾರಣ ವಿಜ್ಞಾನಬದ್ಧವಾದ ಅದ್ಭುತವೆಂಬ ಮಾತೇ ವ್ಯಾಹತವೆಂಬುದು ಮೂರು. ಮೂರೂ ತಳ್ಳಿಹಾಕತಕ್ಕ ಆಕ್ಷೇಪಗಳಲ್ಲ. ನಡುವಿನದನ್ನು ಮೊದಲು ಪರಿಶೀಲಿಸಿದರೆ ಉಳಿದೆರಡಕ್ಕೂ ದಾರಿಯು ತೋರುತ್ತದೆ.

ಪುರಾಣೇತಿಹಾಸಗಳಲ್ಲಿ ಅಪರಿಚಿತನ ಸಮಾಗಮವು ಅಪೂರ್ವವಾದುದಲ್ಲ. ಅರಣ್ಯಪರ್ವದ ಯಕ್ಷನು ಸರೋವರದ ತೀರದಲ್ಲಿ ಕಾಣದ ಧ್ವನಿಯಾಗಿ ಪಾಂಡವರನ್ನು ತಡೆದನು. ನಾಲ್ವರು ತಮ್ಮಂದಿರು ಆ ಧ್ವನಿಯನ್ನು ಲಕ್ಷಿಸದೆ ನೀರು ಕುಡಿದು ನೆಲಕ್ಕುರುಳಿದರು. ಯುಧಿಷ್ಠಿರನೊಬ್ಬನೇ ಬಾಯಾರಿಕೆಯನ್ನು ತಡೆದು, ನೀನಾರೆಂದು ಮೊದಲು ಕೇಳಿದನು. ಇಂದ್ರಕೀಲದಲ್ಲಿ ಅರ್ಜುನನಿಗೆ ಎದುರಾದ ಕಿರಾತನೂ ಇಂಥ ಅಪರಿಚಿತನೇ. ಆದರೆ ಈ ಎರಡು ಕಥೆಗಳ ಕೊನೆಯನ್ನು ವಾಚಕರು ನೆನೆಯಬೇಕು. ಯಕ್ಷನು ಧರ್ಮದೇವತೆಯೆಂದು, ಎಂದರೆ ಯುಧಿಷ್ಠಿರನ ತಂದೆಯೇ ಎಂದು, ತಿಳಿಯಬರುತ್ತದೆ. ಕಿರಾತನು ಆರಾಧ್ಯದೈವವಾದ ಶಿವನೆಂದು ತಿಳಿಯಬರುತ್ತದೆ. ವೇಷವು ಕಳಚಿದೊಡನೆ ಅಪರಿಚಿತನು ಬಂಧುವಾಗುತ್ತಾನೆ, ಇಲ್ಲವೆ ದೇವರಾಗುತ್ತಾನೆ. ಆ ಕಥೆಗಳ ಶಾಂತಿಯು ಅಲ್ಲಿಯೇ ಇರುವುದು. ಜಗತ್ತೆಲ್ಲವೂ ಒಂದೇ ಕುಲವೆಂಬ ಭರವಸೆಯನ್ನು ಅವು ಕೊಡುತ್ತವೆ. ಕಳಚಲು ವೇಷವೇ ಇಲ್ಲದ ಅಪರಿಚಿತನು ಬಂದರೆ ಮನುಷ್ಯನು ಹೇಗೆ ನಡೆದುಕೊಳ್ಳತಕ್ಕದ್ದು ಎಂಬ ಪ್ರಶ್ನೆಯು ಮಾತ್ರ ಅಲ್ಲಿ ಏಳುವುದಿಲ್ಲ. ಅದನ್ನು ಎತ್ತುವುದೇ ಈ ಹೊಸ ಕಥೆಗಳ ಕಾರ್ಯ.

ಈ ಜಾತಿಯ ಗ್ರಂಥಗಳಲ್ಲಿ ಆರ್ಥರ್ ಕ್ಲಾರ್ಕನು 1973ರಲ್ಲಿ ಪ್ರಕಟಿಸಿದ ‘ರೆಂಡೆವೂ ವಿತ್ ರಾಮ’ ಎಂಬುದನ್ನು ಉದಾಹರಣೆಯಾಗಿ ಎತ್ತಿಕೊಳ್ಳಬಹುದು. ರಾಮನೊಡನೆ ಸಮಾಗಮವೆಂದು ಆ ಹೆಸರಿನ ಅರ್ಥ. ಕ್ಲಾರ್ಕನು ಇಂಗ್ಲೆಂಡಿನಲ್ಲಿ ಹುಟ್ಟಿ, 1956ರಿಂದ ಸಿಂಹಳದ್ವೀಪದಲ್ಲಿ ನೆಲೆಸಿ, 2008ರಲ್ಲಿ ಅಲ್ಲಿಯೇ ತೀರಿಕೊಂಡನು. ಕಥೆಯು ನಡೆಯುವುದು ಇಪ್ಪತ್ತೆರಡನೆಯ ಶತಮಾನದಲ್ಲಿ. ಹೊಸ ಹೊಸ ಆಕಾಶಕಾಯಗಳಿಗೆ ಗ್ರೀಕ್ ರೋಮನ್ ದೇವತೆಗಳ ಹೆಸರುಗಳನ್ನೆಲ್ಲ ಇಟ್ಟು ಮುಗಿಸಿದ ಖಗೋಳಜ್ಞರು ಆ ವೇಳೆಗೆ ಭಾರತೀಯ ದೇವತೆಗಳ ಹೆಸರುಗಳಿಗೆ ಬಂದಿರುತ್ತಾರೆ; ಸೂರ್ಯನ ಕಡೆಗೆ ಧಾವಿಸುತ್ತಿರುವ ಕಾಯವೊಂದು ಕಂಡಾಗ ಅದಕ್ಕೆ ರಾಮನೆಂಬ ಹೆಸರು ಬೀಳುತ್ತದೆ. ಅದರ ಚಿತ್ರವನ್ನು ತೆಗೆಯಲು ಕಳುಹಿಸಿದ ಯಂತ್ರಕ್ಕೆ ಸೀತೆಯೆಂದು ಹೆಸರು. ಬಂದ ಚಿತ್ರವನ್ನು ನೋಡಿದರೆ, ಅದು ಬಂಡೆಯಲ್ಲ. 50 ಕಿಲೋಮೀಟರ್ ಉದ್ದವೂ 20 ಕಿಲೋಮೀಟರ್ ವ್ಯಾಸವೂ ಉಳ್ಳ, ಯಾರೋ ಕಡೆದು ಮಾಡಿದಂತಿರುವ ಒಂದು ಉರುಳೆ.

ನಾರ್ಟನ್ ಎಂಬ ನಾಯಕನ ಕೈಕೆಳಗೆ ಒಂದು ನೌಕೆಯು ಹೋಗಿ ಅದರ ಮೇಲೆ ಇಳಿಯುತ್ತದೆ. ಒಳಗೆ ಕತ್ತಲೆ, ಹೆಪ್ಪುಗಟ್ಟಿದ ಸಮುದ್ರ, ನಗರಗಳೋ ಉಗ್ರಾಣಗಳೋ ಎಂದು ಹೇಳಲಾಗದ ಕಟ್ಟಡಗಳು. ಈ ಲೋಕವನ್ನು ಕಟ್ಟುವಾಗ ಕ್ಲಾರ್ಕನು ತನಗೆ ತಾನೇ ಯಾವ ವರವನ್ನೂ ಕೊಟ್ಟುಕೊಳ್ಳಲಿಲ್ಲ. ಉರುಳೆಯು ನಾಲ್ಕು ನಿಮಿಷಕ್ಕೊಮ್ಮೆ ತನ್ನ ಅಕ್ಷದ ಮೇಲೆ ಸುತ್ತುತ್ತದೆ. ಆ ಭ್ರಮಣದಿಂದ ಒಳಮೈಯಲ್ಲಿ ನಿಂತವನಿಗೆ ಭೂಮಿಯ ಮೇಲಿನ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಕವು ಒದಗುತ್ತದೆ. ಅಕ್ಷದ ಬಳಿ ತೂಕವಿಲ್ಲ. ಮೆಟ್ಟಿಲುಗಳನ್ನು ಇಳಿದಂತೆಲ್ಲ ತೂಕವು ಹೆಚ್ಚುತ್ತ ಹೋಗುತ್ತದೆ. ಸೂರ್ಯನಿಗೆ ಸಮೀಪವಾದಂತೆ ಶಾಖವು ಹೊರಗಿನಿಂದ ಒಳಕ್ಕೆ ಇಳಿಯುವುದರಿಂದ ಸಮುದ್ರದ ಹಿಮವು ಮೇಲಿನಿಂದ ಕರಗದೆ ತಳದಿಂದ ಕರಗುತ್ತದೆ. ಒಳಗಿನ ಗಾಳಿಯು ಬೆಚ್ಚಗಾದರೆ ಚಂಡಮಾರುತವು ಏಳಲೇಬೇಕೆಂದು ದೂರದಲ್ಲಿ ಕುಳಿತ ವಿದ್ವಾಂಸನೊಬ್ಬನು ಗಣಿತದಿಂದಲೇ ತಿಳಿದು ಎಚ್ಚರಿಕೆಯನ್ನು ಕಳುಹಿಸುತ್ತಾನೆ, ಚಂಡಮಾರುತವು ಏಳುತ್ತದೆ. ಕೊನೆಯ ಭಾಗದಲ್ಲಿ ಒಂದೆಡೆ ಮಾತ್ರ ರಾಮನೌಕೆಯು ನ್ಯೂಟನ್ನನ ಮೂರನೆಯ ನಿಯಮವನ್ನು ಮೀರಿ ನಡೆಯುವಂತೆ ಕಾಣುತ್ತದೆ. ಅದನ್ನು ಕಂಡು ಕಥೆಯೊಳಗಿನ ವಿಜ್ಞಾನಿಗಳೇ ದಂಗಾಗುತ್ತಾರೆ. ಉಳಿದ ನಿಯಮಗಳೆಲ್ಲ ಸ್ಥಿರವಾಗಿ ನಿಂತಿರುವುದರಿಂದಲೇ ಆ ಒಂದು ಮೀರಿಕೆಯು ವಾಚಕನ ಎದೆಯನ್ನು ನಡುಗಿಸುತ್ತದೆ. ನಿಯಮವೇ ಇಲ್ಲದ ಕಡೆ ಮೀರುವುದಕ್ಕಾದರೂ ಏನಿದೆ?

ಎರಡನೆಯ ಆಕ್ಷೇಪಕ್ಕೆ ಇಲ್ಲಿ ಸಮಾಧಾನವು ದೊರೆಯುತ್ತದೆ. ಕ್ಷೇಮೇಂದ್ರನು ರಸಕ್ಕೆ ಔಚಿತ್ಯವೇ ಜೀವಿತವೆಂದನು. ಪ್ರತಿಯೊಂದು ವಾಙ್ಮಯಕ್ಕೂ ಅದರದರ ಔಚಿತ್ಯವುಂಟು. ವಿಜ್ಞಾನಕಥೆಗೆ ಪ್ರಕೃತಿನಿಯಮವೇ ಔಚಿತ್ಯ. ಕವಿಯು ತನ್ನ ಇಚ್ಛೆ ಬಂದಂತೆ ಅದ್ಭುತಗಳನ್ನು ಸುರಿದರೆ ವಾಚಕನು ಕವಿಯ ಕಲ್ಪನೆಯನ್ನು ಮೆಚ್ಚುತ್ತಾನೆ. ನಿಯಮಕ್ಕೆ ಕಟ್ಟುಬಿದ್ದು ತೋರಿಸಿದರೆ, ವಾಚಕನ ಬೆರಗು ಕವಿಯನ್ನು ದಾಟಿ ಜಗತ್ತಿನ ಮೇಲೆ ಹೋಗಿ ನಿಲ್ಲುತ್ತದೆ. ಇಂಥದು ಇರಲು ಸಾಧ್ಯವುಂಟಲ್ಲ ಎಂಬ ಭಾವನೆಯು ಪುಸ್ತಕವನ್ನು ಮುಚ್ಚಿದ ಮೇಲೂ ಉಳಿಯುತ್ತದೆ. 2017ನೆಯ ಇಸವಿಯ ಅಕ್ಟೋಬರಿನಲ್ಲಿ ಹವಾಯಿ ದ್ವೀಪದ ದೂರದರ್ಶಕಕ್ಕೆ, ಸೌರಮಂಡಲದ ಹೊರಗಿನಿಂದ ಬಂದು ಮತ್ತೆ ಹೊರಕ್ಕೆ ಹೋಗುತ್ತಿದ್ದ ಕಾಯವೊಂದು ಮೊಟ್ಟಮೊದಲು ಗೋಚರವಾಯಿತು. ಅದಕ್ಕೆ ಓಮುವಾಮುವಾ ಎಂಬ ಹವಾಯಿ ಭಾಷೆಯ ಹೆಸರನ್ನು ಇಟ್ಟರು. ಅದು ಪ್ರಕೃತಿಸಿದ್ಧವಾದ ಕಾಯವೆಂಬುದೇ ಬಹುಮಂದಿ ವಿಜ್ಞಾನಿಗಳ ನಿರ್ಣಯ. ಆದರೂ ಕ್ಲಾರ್ಕನ ಗ್ರಂಥವನ್ನು ಓದಿದ್ದವರೆಲ್ಲರಿಗೂ ಆ ದಿನಗಳಲ್ಲಿ ರಾಮನ ನೆನಪು ಬಾರದೆ ಇರಲಿಲ್ಲ.

ಇನ್ನು ಕಥೆಯ ಧರ್ಮಸಂಕಟಕ್ಕೆ ಬರಬಹುದು. ಬುಧಗ್ರಹದಲ್ಲಿ ನೆಲೆಸಿರುವ ಮನುಷ್ಯರು ರಾಮನನ್ನು ಕಂಡು ಹೆದರುತ್ತಾರೆ. ಆ ಮಹಾಯಂತ್ರವು ಸೂರ್ಯನ ಬಳಿ ನೆಲೆನಿಂತರೆ ತಮ್ಮ ಗತಿಯೇನೆಂಬುದು ಅವರ ಚಿಂತೆ. ಅವರು ಅದರ ಬಳಿಗೆ ಒಂದು ಪರಮಾಣು ಅಸ್ತ್ರವನ್ನು ಕಳುಹಿಸುತ್ತಾರೆ. ನಾರ್ಟನ್ನನ ನೌಕೆಯಲ್ಲಿ ಬೋರಿಸ್ ರೋಡ್ರಿಗೋ ಎಂಬ ಮಿತಭಾಷಿಯಾದ, ದೈವಭಕ್ತನಾದ ಅಧಿಕಾರಿಯಿದ್ದಾನೆ. ಆ ಅಸ್ತ್ರವನ್ನು ನಿಷ್ಫಲಗೊಳಿಸಬಹುದೆಂದು ಸೂಚಿಸುವವನೂ ಒಬ್ಬಂಟಿಯಾಗಿ ಹೋಗಿ ಅದರ ತಂತಿಯನ್ನು ಕತ್ತರಿಸುವವನೂ ಆತನೇ. ಅವನಿಗೆ ಸಮಯವನ್ನು ಕೊಟ್ಟುದು ಯಾವುದು? ಬುಧಗ್ರಹಕ್ಕೆ ಚಿತ್ರವು ತಲುಪಿ ಅಲ್ಲಿಂದ ಆಜ್ಞೆಯು ಹಿಂದಿರುಗಬೇಕಾದರೆ ಬೆಳಕಿನ ವೇಗದಲ್ಲಿಯೂ ಹಲವು ನಿಮಿಷಗಳು ಬೇಕು. ಆ ಕೆಲವು ನಿಮಿಷಗಳಲ್ಲಿಯೇ ಕೆಲಸವು ಮುಗಿಯುತ್ತದೆ. ಪ್ರಕೃತಿನಿಯಮವೊಂದು ಧರ್ಮಕಾರ್ಯಕ್ಕೆ ಎಡೆಮಾಡಿಕೊಟ್ಟ ಈ ಸಂದರ್ಭದಲ್ಲಿ ಗ್ರಂಥದ ವಿಜ್ಞಾನವೂ ನೀತಿಯೂ ಒಂದಾಗಿ ಸೇರುತ್ತವೆ.

ಆದರೆ ಬುಧಗ್ರಹದವರ ಪಕ್ಷವು ಅಷ್ಟು ಸುಲಭವಾಗಿ ಬಿದ್ದುಹೋಗತಕ್ಕದ್ದಲ್ಲ. ಮಕ್ಕಳುಮರಿಗಳನ್ನು ಕಟ್ಟಿಕೊಂಡು ಮನೆಯಲ್ಲಿರುವ ಗೃಹಸ್ಥನು, ನಡುರಾತ್ರಿಯಲ್ಲಿ ಬಾಗಿಲ ಬಳಿ ಬಂದು ಮಾತಾಡದೆ ನಿಂತವನನ್ನು ಕಂಡು ಹೆದರಿದರೆ ಅದು ಪಾಪವೇ? ಯಾರೆಂದು ತಿಳಿಯದವರಿಗಾಗಿ ತನ್ನವರನ್ನು ಅಪಾಯಕ್ಕೆ ಒಡ್ಡುವುದು ಧರ್ಮವೇ? ವೆಲ್ಸನು 1898ರಲ್ಲಿ ಗ್ರಂಥರೂಪವಾಗಿ ಹೊರತಂದ ‘ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ಕಥೆಯಲ್ಲಿ ಮಂಗಳಗ್ರಹದವರು ಬಂದು ಇಂಗ್ಲೆಂಡನ್ನು ಸುಡುತ್ತಾರೆ. ಅಲ್ಲಿ ಭಯಪಟ್ಟವರೇ ಬುದ್ಧಿವಂತರು. ಹಾಗಾದರೆ ವಿಸ್ಮಯವೆಂಬುದು ಹೊಟ್ಟೆ ತುಂಬಿದವರ ವಿಲಾಸವೆಂದೇ ಹೇಳಬೇಕಾದೀತು.

ಇದಕ್ಕೆ ವೆಲ್ಸನೇ ಉತ್ತರವನ್ನು ಇಟ್ಟುಹೋಗಿದ್ದಾನೆ. ಮಂಗಳದವರನ್ನು ಕ್ರೂರಿಗಳೆಂದು ಜರೆಯುವ ಮೊದಲು, ಐರೋಪ್ಯರು ಟಾಸ್ಮೇನಿಯದ ಮೂಲನಿವಾಸಿಗಳ ಮೇಲೆ ನಡೆಸಿದ ಸಂಹಾರವನ್ನು ನೆನೆಯಬೇಕೆಂದು ಆತನು ಗ್ರಂಥದ ಆರಂಭದಲ್ಲಿಯೇ ತನ್ನ ಜನರಿಗೆ ತಿಳಿಸುತ್ತಾನೆ. ಭೂಮಿಯ ಮೇಲೆ ನಡೆದ ಪ್ರಥಮ ಸಮಾಗಮಗಳ ಚರಿತ್ರೆಯನ್ನು ನೋಡಿದರೆ, ಬಲಿಷ್ಠನಾದ ಅಪರಿಚಿತನು ದುರ್ಬಲನನ್ನು ಕಂಡು ಬೆರಗಾದುದರಿಂದ ಯಾರೂ ಹಾಳಾಗಲಿಲ್ಲ. ಬೆರಗಾಗದೆ ಹೋದುದರಿಂದ ಹಾಳಾದರು. ಎದುರಿಗಿರುವವನು ತನಗೆ ತಿಳಿದ ವಸ್ತುವೇ ಸರಿಯೆಂದು ಬಗೆದವನು ಅವನನ್ನು ಕೂಲಿಯಾಳಾಗಿಯೋ ಸರಕಾಗಿಯೋ ಶತ್ರುವಾಗಿಯೋ ಎಣಿಸುತ್ತಾನೆ. ಎಚ್ಚರಿಕೆಯು ಬೇರೆ, ಭಯವು ಬೇರೆ. ಎಚ್ಚರಿಕೆಯುಳ್ಳವನು ಬಾಗಿಲಲ್ಲಿ ದೀಪವನ್ನು ಹಿಡಿದು ನೋಡುತ್ತಾನೆ. ಭಯವುಳ್ಳವನು ದೀಪವನ್ನು ಆರಿಸಿ ಕಲ್ಲನ್ನು ಎಸೆಯುತ್ತಾನೆ. ನಾರ್ಟನ್ನನು ಎಚ್ಚರಿಕೆಯನ್ನು ಬಿಟ್ಟವನಲ್ಲ. ಪ್ರತಿ ಹೆಜ್ಜೆಯನ್ನೂ ಅಳೆದೇ ಇಡುತ್ತಾನೆ. ಆತನು ಬಿಟ್ಟುದು ಭಯದಿಂದ ಹುಟ್ಟುವ ಹಿಂಸೆಯನ್ನು ಮಾತ್ರ.

ಭಯಕ್ಕೆ ಎದುರಾದ ಇನ್ನೊಂದು ದೋಷವೂ ಉಂಟು. ಅದು ಅಹಂಕಾರದ ಇನ್ನೊಂದು ರೂಪ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಎಂಬ ಗ್ರಂಥಕರ್ತನು 1961ರಲ್ಲಿ ಬರೆದ ‘ಸೊಲಾರಿಸ್’ ಎಂಬ ಕಾದಂಬರಿಯು ಅದನ್ನು ತೋರಿಸುತ್ತದೆ. ಅಲ್ಲಿ ಒಂದು ಗ್ರಹವನ್ನೆಲ್ಲ ಆವರಿಸಿರುವ ಸಮುದ್ರವೇ ಜೀವಿ. ಮನುಷ್ಯರು ತಲೆಮಾರುಗಳ ಕಾಲ ಅದನ್ನು ಅಭ್ಯಸಿಸಿ, ಗ್ರಂಥಾಲಯಗಳನ್ನು ತುಂಬಿಸಿ, ಅದರ ಒಂದು ಚೇಷ್ಟೆಯ ಅರ್ಥವನ್ನೂ ತಿಳಿಯಲಾರದೆ ಹೋಗುತ್ತಾರೆ. ಸಮುದ್ರವು ಅವರಿಗೆ ಮರಳಿ ಕೊಡುವುದು ಅವರವರ ನೆನಪಿನಲ್ಲಿ ಹುದುಗಿದ್ದವರ ರೂಪಗಳನ್ನೇ. ಲೋಕಾಂತರವನ್ನು ಹುಡುಕಿಹೋದವನು ಕನ್ನಡಿಯನ್ನು ಕಂಡನೆಂಬುದು ಅದರ ತಾತ್ಪರ್ಯ. ಆನೆಯನ್ನು ಮುಟ್ಟಿದ ಕುರುಡರಾದರೂ ಆನೆಯ ಯಾವುದೋ ಒಂದು ಅಂಗವನ್ನು ಮುಟ್ಟಿದ್ದರು. ಇಲ್ಲಿಯವರು ಮುಟ್ಟಿದುದು ತಮ್ಮ ಕೈಯನ್ನೇ. ತಿಳಿಯಲಾರದುದನ್ನು ತಿಳಿಯಲಾರದೆಂದು ಒಪ್ಪಿಕೊಳ್ಳುವುದೂ ಒಂದು ವಿದ್ಯೆ. ಕ್ಲಾರ್ಕನ ಕಥೆಯಲ್ಲಿಯೂ ರಾಮನನ್ನು ಕಟ್ಟಿದವರು ಯಾರೆಂಬುದು ಕಡೆಯವರೆಗೂ ತಿಳಿಯುವುದಿಲ್ಲ. ನೌಕೆಯು ಸೂರ್ಯನನ್ನು ಬಳಸಿಕೊಂಡು, ಅದರಿಂದಲೇ ಶಕ್ತಿಯನ್ನು ಹೀರಿಕೊಂಡು, ಮನುಷ್ಯರ ಕಡೆಗೆ ತಿರುಗಿಯೂ ನೋಡದೆ ಹೊರಟುಹೋಗುತ್ತದೆ. ಮುಂದೆ 1989ರಿಂದ 1993ರವರೆಗೆ ಜೆಂಟ್ರಿ ಲೀ ಎಂಬವನೊಡನೆ ಸೇರಿ ಕ್ಲಾರ್ಕನು ಮತ್ತೆ ಮೂರು ಗ್ರಂಥಗಳಲ್ಲಿ ಆ ಗುಟ್ಟನ್ನು ಬಿಡಿಸಹೋದನು. ಆದರೆ ಗುಟ್ಟು ಬಿಡಿಸದ ಮೊದಲನೆಯ ಗ್ರಂಥವೇ ಇಂದಿಗೂ ಹೆಚ್ಚು ಗೌರವಕ್ಕೆ ಪಾತ್ರವಾಗಿರುವುದು.

ಮನುವು ಅತಿಥಿಶಬ್ದಕ್ಕೆ ನಿರ್ವಚನವನ್ನು ಹೇಳುವಾಗ, ನಿತ್ಯವಾಗಿ ನಿಲ್ಲದವನಾದುದರಿಂದ ಅತಿಥಿಯೆಂದನು. ಹೊತ್ತುಗೊತ್ತಿಲ್ಲದೆ ಬಂದು, ಒಂದು ರಾತ್ರಿಯನ್ನು ಕಳೆದು, ಹೊರಟುಹೋಗುವವನು ಆತನು. ಅವನ ಗೋತ್ರವನ್ನೂ ಅಧ್ಯಯನವನ್ನೂ ಕೇಳದೆಯೇ ಸತ್ಕರಿಸಬೇಕೆಂಬುದು ಸ್ಮೃತಿಕಾರರ ವಿಧಿ. ಗೋತ್ರವನ್ನು ತಿಳಿದ ಮೇಲೆ ಮಾಡುವ ಸತ್ಕಾರವು ಗೋತ್ರಕ್ಕೆ ಸಲ್ಲುತ್ತದೆ. ತಿಳಿಯದೆ ಮಾಡುವುದು ಅತಿಥಿಗೆ ಸಲ್ಲುತ್ತದೆ. ಪ್ರಥಮ ಸಮಾಗಮದ ಕಥೆಗಳಲ್ಲಿ ಉತ್ತಮವಾದುವು ವಾಚಕನಿಗೆ ಕಲಿಸುವುದು ಈ ಅತಿಥಿಧರ್ಮವನ್ನೇ, ಅದರ ಕಟ್ಟಕಡೆಯ ಎಲ್ಲೆಯಲ್ಲಿ. ಇಲ್ಲಿ ಬಂದ ಅತಿಥಿಗೆ ಗೋತ್ರವೊಂದೇ ಅಲ್ಲ, ಮುಖವೂ ಭಾಷೆಯೂ ಇಲ್ಲ. ಅವನು ನೀರನ್ನೂ ಕೇಳಲಿಲ್ಲ, ಆಶೀರ್ವಾದವನ್ನೂ ಕೊಡಲಿಲ್ಲ. ಅಂಥವನನ್ನೂ ಹೊಡೆಯದೆ, ಪೂಜಿಸದೆ, ದೋಚದೆ, ಕಣ್ದೆರೆದು ನೋಡಿ, ಹೋಗಗೊಟ್ಟ ಮನಸ್ಸಿನಲ್ಲಿ ಉಳಿಯುವುದೇ ಶುದ್ಧವಾದ ವಿಸ್ಮಯ. ಇಲ್ಲದ ಜೀವಿಗಳ ಕಥೆಯಿಂದ ಲಾಭವೇನೆಂಬ ಮೊದಲನೆಯ ಆಕ್ಷೇಪಕ್ಕೆ ಇದೇ ಸಮಾಧಾನ. ಲೋಕಾಂತರದ ಜೀವಿಗಳು ಇರಲಿ, ಇಲ್ಲದಿರಲಿ. ಬೇರೆ ಭಾಷೆಯವರು, ಬೇರೆ ಮತದವರು, ಮಾತು ಬಾರದ ಪ್ರಾಣಿಗಳು, ಒಂದೇ ಸೂರಿನ ಕೆಳಗೆ ಇದ್ದೂ ಮನಸ್ಸನ್ನು ತೆರೆಯದವರು, ಇವರು ಇದ್ದೇ ಇದ್ದಾರೆ. ಇವರನ್ನು ತಿಳಿದೆನೆಂದು ಮುಗಿಸಿಬಿಡದ ಮನಸ್ಸು ಬೇಕಾದುದು ದಿನದಿನದ ಬಾಳಿಗೆ.

ಉಳಿದುದು ಮೂರನೆಯ ಆಕ್ಷೇಪ, ವಿಜ್ಞಾನವು ವಿಸ್ಮಯವನ್ನು ಕೊಲ್ಲುತ್ತದೆಂಬುದು. ಇದಕ್ಕೆ ಕಲ್ಪಿತ ಕಥೆಯ ಸಾಕ್ಷ್ಯವೇ ಬೇಕಾಗಿಲ್ಲ. 1967ರಲ್ಲಿ ಕೇಂಬ್ರಿಜಿನಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿಯು ಆಕಾಶದ ಒಂದು ಬಿಂದುವಿನಿಂದ 1.33 ಸೆಕೆಂಡಿಗೊಮ್ಮೆ ತಪ್ಪದೆ ಬರುವ ರೇಡಿಯೋ ಮಿಡಿತವನ್ನು ಕಂಡರು. ಗಡಿಯಾರದಂತಿದ್ದ ಆ ಮಿಡಿತಕ್ಕೆ ಪ್ರಯೋಗಶಾಲೆಯವರು ಅರ್ಧ ವಿನೋದದಿಂದ ಪುಟ್ಟ ಹಸುರು ಮನುಷ್ಯರೆಂದು ಹೆಸರಿಟ್ಟಿದ್ದರು. ಕೆಲವು ವಾರಗಳಲ್ಲಿ ಆಕಾಶದ ಬೇರೊಂದು ಭಾಗದಲ್ಲಿ ಅಂಥದೇ ಎರಡನೆಯ ಮಿಡಿತವನ್ನೂ ಆಕೆಯೇ ಕಂಡರು. ಇಬ್ಬರು ಬೇರೆಬೇರೆ ಲೋಕದವರು ಏಕಕಾಲದಲ್ಲಿ ಒಂದೇ ಬಗೆಯ ಸಂಜ್ಞೆಯನ್ನು ಕಳುಹಿಸುವುದು ಅಸಂಭವವೆಂದು ಆ ಊಹೆಯು ಬಿದ್ದುಹೋಯಿತು. ಬಳಿಕ ತಿಳಿದುದಾದರೂ ಏನು? ಸೂರ್ಯನಿಗಿಂತ ಹೆಚ್ಚು ದ್ರವ್ಯವು ಸುಮಾರು 20 ಕಿಲೋಮೀಟರ್ ಅಗಲದ ಗೋಳದೊಳಗೆ ಅದುಮಿಕೊಂಡು, ಬುಗುರಿಯಂತೆ ತಿರುಗುತ್ತಿರುವುದೇ ಆ ಮಿಡಿತಕ್ಕೆ ಕಾರಣವೆಂದು ತಿಳಿಯಿತು. ಹಸುರು ಮನುಷ್ಯರು ಹೋದರು. ಬೆರಗು ಹೋಗಲಿಲ್ಲ, ಇಮ್ಮಡಿಯಾಯಿತು. ವಿಜ್ಞಾನವು ಕೊಂದುದು ಅವಸರದ ಉತ್ತರವನ್ನು.

ಇಷ್ಟರವರೆಗೆ ಮನುಷ್ಯನನ್ನು ಮನೆಯ ಯಜಮಾನನಾಗಿಯೂ ಲೋಕಾಂತರದವನನ್ನು ಬಾಗಿಲಿಗೆ ಬಂದವನಾಗಿಯೂ ಭಾವಿಸಿದ್ದಾಯಿತು. ವಸ್ತುಸ್ಥಿತಿಯಲ್ಲಿ ಈ ಪಾತ್ರಗಳು ಆಗಲೇ ಅದಲುಬದಲಾಗಿವೆ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಹಾರಿಸಿದರು. ಅವೆರಡರಲ್ಲಿಯೂ ಚಿನ್ನದ ಲೇಪವುಳ್ಳ ತಾಮ್ರದ ಧ್ವನಿತಟ್ಟೆಯೊಂದಿದೆ. ಅದರಲ್ಲಿ ಏನೇನನ್ನು ಅಡಕಮಾಡಬೇಕೆಂದು ನಿರ್ಧರಿಸಿದ ಸಮಿತಿಯ ಅಧ್ಯಕ್ಷನು ಕಾರ್ಲ್ ಸೇಗನ್. ಮುಂದೆ 1985ರಲ್ಲಿ ‘ಕಾಂಟ್ಯಾಕ್ಟ್’ ಎಂಬ ಪ್ರಥಮ ಸಮಾಗಮದ ಕಾದಂಬರಿಯನ್ನು ಬರೆದವನೂ ಆತನೇ. ಆ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರರ ಗಾಯನವಿದೆ, ತಿಮಿಂಗಿಲಗಳ ಧ್ವನಿಯಿದೆ, 55 ಭಾಷೆಗಳ ಶುಭಾಶಯಗಳಿವೆ. ಆ 55ರಲ್ಲಿ ಕನ್ನಡವೂ ಒಂದು. ಮೊದಲನೆಯ ವಾಯೇಜರ್ 2012ರ ಆಗಸ್ಟಿನಲ್ಲಿ ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಣ ಬಯಲನ್ನು ಸೇರಿತು. ಇನ್ನು ಸುಮಾರು 40,000 ವರ್ಷಗಳಿಗೆ ಅದು ಇನ್ನೊಂದು ನಕ್ಷತ್ರಕ್ಕೆ 1.6 ಜ್ಯೋತಿರ್ವರ್ಷಗಳಷ್ಟು ಸಮೀಪದಲ್ಲಿ ಹಾದುಹೋಗುವುದು.

ಎಂದಾದರೂ ಎಲ್ಲಿಯಾದರೂ ಯಾರಾದರೂ ಆ ನೌಕೆಯನ್ನು ಕಂಡರೆ ಅವರ ಪಾಲಿಗೆ ಅದೇ ರಾಮ. ಕಳುಹಿಸಿದವರು ಯಾರೆಂದು ಅವರಿಗೆ ತಿಳಿಯದು; ಕೇಳೋಣವೆಂದರೆ ಉತ್ತರಕೊಡಲು ಒಳಗೆ ಯಾರೂ ಇಲ್ಲ. ತಟ್ಟೆಯನ್ನು ನುಡಿಸಿ, ಕನ್ನಡದ ಆ ಒಂದು ಸಣ್ಣ ಶುಭಾಶಯವನ್ನು ಆಲಿಸಿ, ಅದು ಮಾತೆಂದಾದರೂ ತಿಳಿದಾರೋ, ಗಾಳಿಯ ಸದ್ದೆಂದು ಬಿಟ್ಟಾರೋ ಹೇಳಬರುವಂತಿಲ್ಲ. ಗೋತ್ರವನ್ನು ಕೇಳದೆ ದೀಪವನ್ನು ಹಿಡಿದು ನೋಡುವವರ ಕೈಗೆ ಅದು ಸಿಕ್ಕಲಿ ಎಂದು ಹಾರೈಸುವ ಅಧಿಕಾರವು ಕನ್ನಡಿಗರಿಗೆ ಇರಬೇಕಾದರೆ, ತಮ್ಮ ಬಾಗಿಲಿಗೆ ಬಂದವನ ವಿಷಯದಲ್ಲಿ ಅವರು ಮೊದಲು ಹಾಗೆ ನಡೆದುಕೊಂಡಿರಬೇಕು.